ಹಿಡಿದ ಮೀನನ್ನು ಬಿಡುವುದೇಕೆ?

ಸ್ಕಾಟ್ಲೆಂಡಿನ ನದಿಯೊಂದರ ತಣ್ಣೀರಿನಲ್ಲಿ ಸೊಂಟದ ಮಟ್ಟ ನಿಂತು ಒಬ್ಬಾತನು ಮುಂಜಾನೆಯಿಂದ ಗಾಳ ಬೀಸುತ್ತಿದ್ದಾನೆ. ಆ ಒಂದು ದಿನದ ಅನುಮತಿಗಾಗಿ ಆತನು ಸಾಕಷ್ಟು ಹಣವನ್ನೂ ತೆತ್ತಿದ್ದಾನೆ. ಮಧ್ಯಾಹ್ನದ ವೇಳೆಗೆ ಗಾಳಕ್ಕೆ ಒಂದು ಸಾಲ್ಮನ್ ಮೀನು ಸಿಕ್ಕುತ್ತದೆ. ಕೆಲವು ನಿಮಿಷಗಳ ಹೋರಾಟದ ಬಳಿಕ, ಬೆಳ್ಳಿಯಂತೆ ಹೊಳೆಯುವ ಆ ಮೀನು ಆತನ ಕೈವಶವಾಗುತ್ತದೆ. ಆಗ ಆತನು ಮಾಡುವುದೇನು? ಮೀನನ್ನು ನೀರಿನಿಂದ ಮೇಲೆತ್ತದೆಯೇ ಕೊಕ್ಕೆಯನ್ನು ಬಿಡಿಸಿ, ಅದನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಅದು ಚೇತರಿಸಿಕೊಂಡೊಡನೆ ಬಿಟ್ಟುಬಿಡುತ್ತಾನೆ. ಬಿಡದಿದ್ದರೆ, ಅಲ್ಲಿನ ಅನೇಕ ನದಿಗಳಲ್ಲಿ ಅದು ಕಾನೂನಿನ ಮೇರೆಗೆ ಅಪರಾಧವಾಗುತ್ತದೆ.

ಈ ಸಂಗತಿಯನ್ನು ನಾವು ಒಮ್ಮೆ ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: “ಸಾರ್, ಬಿಟ್ಟುಬಿಡುವುದಾದರೆ ಹಿಡಿಯುವುದಾದರೂ ಏಕೆ? ಮೀನಿಗೆ ಅಷ್ಟು ಅಪಾಯವಿದ್ದರೆ, ನದಿಗೆ ಅಣೆಕಟ್ಟು ಕಟ್ಟಿದವರನ್ನು ಬಿಟ್ಟು, ಗಾಳ ಹಿಡಿದವನನ್ನೇ ತಡೆಯುವುದು ನ್ಯಾಯವೆ?” ಎರಡೂ ಸಾಧುವಾದ ಪ್ರಶ್ನೆಗಳು. ಯೂರೋಪಿನಲ್ಲಿಯೂ ಉತ್ತರ ಅಮೆರಿಕದಲ್ಲಿಯೂ ಇವೇ ಪ್ರಶ್ನೆಗಳನ್ನು ಕುರಿತು ಹಲವು ವರ್ಷಗಳಿಂದ ವಾದವಿವಾದ ನಡೆದಿದೆ. ಇವಕ್ಕೆ ಉತ್ತರವನ್ನು ಭಾವನೆಯಿಂದಲ್ಲದೆ ಲೆಕ್ಕದಿಂದ ಹುಡುಕಲು ಸಾಧ್ಯವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಾಲ್ಮನ್ನಿನ ಜೀವನಯಾತ್ರೆ

ನಮ್ಮ ಕಾವೇರಿಯ ಗಾಳಗಾರರಲ್ಲಿ ಮಹಶೀರ್ ಮೀನಿಗೆ ಯಾವ ಗೌರವವುಂಟೋ, ಅಟ್ಲಾಂಟಿಕ್ ಸಾಗರದ ಎರಡು ದಡಗಳ ನಾಡುಗಳಲ್ಲಿಯೂ ಸಾಲ್ಮನ್ ಮೀನಿಗೆ ಅಂಥ ಗೌರವವುಂಟು. ಆದರೆ ಇವೆರಡರ ಬಾಳು ಒಂದೇ ಬಗೆಯದಲ್ಲ. ಮಹಶೀರ್ ತನ್ನ ಬಾಳನ್ನೆಲ್ಲ ನದಿಯಲ್ಲಿಯೇ ಕಳೆಯುತ್ತದೆ. ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಿನಲ್ಲಿ.

ಶರತ್ಕಾಲದ ಕೊನೆಯಲ್ಲಿ ಹೆಣ್ಣು ಸಾಲ್ಮನ್ ನದಿಯ ಮೇಲ್ಭಾಗದ ನುರುಜುಗಲ್ಲಿನ ತಳವನ್ನು ಬಾಲದಿಂದ ಬಡಿದು ಗುಳಿ ತೋಡಿ ಮೊಟ್ಟೆಗಳನ್ನಿಡುತ್ತದೆ. ಒಂದೊಂದು ಹೆಣ್ಣಿನ ಮೊಟ್ಟೆಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ವಸಂತದಲ್ಲಿ ಮರಿಗಳು ಹೊರಬಂದು, ಒಂದರಿಂದ ನಾಲ್ಕು ವರ್ಷಗಳವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ನದಿಯಲ್ಲಿಯೇ ಬೆಳೆಯುತ್ತವೆ. ಅನಂತರ ಒಂದು ವಸಂತದಲ್ಲಿ ಮರಿಯ ದೇಹ ಬೆಳ್ಳಗಾಗುತ್ತದೆ. ಉಪ್ಪುನೀರನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ. ಇಂಥ ಮರಿಗೆ ಸ್ಮೋಲ್ಟ್ ಎಂದು ಹೆಸರು. ಅಂಗೈಯುದ್ದದ ಈ ಸ್ಮೋಲ್ಟ್ ಕಡಲನ್ನು ಸೇರಿ, ನಾರ್ವೆಯ ಸಮುದ್ರಕ್ಕೋ ಗ್ರೀನ್‌ಲೆಂಡಿನ ಪಶ್ಚಿಮ ತೀರಕ್ಕೋ ಹೋಗಿ, ಒಂದೆರಡು ವರ್ಷ ಪುಷ್ಟವಾಗಿ ಮೇಯ್ದು, ಕೆಲವು ಕಿಲೋಗ್ರಾಂ ತೂಕದ ದೊಡ್ಡ ಮೀನಾಗಿ ಮರಳುತ್ತದೆ. ಮರಳುವುದು ಯಾವುದೋ ಒಂದು ನದಿಗಲ್ಲ. ಬಹುಮಟ್ಟಿಗೆ ತಾನು ಹುಟ್ಟಿದ ನದಿಗೇ. ಸಾಲ್ಮನ್ ತನ್ನ ಹೊಳೆಯನ್ನು ನೀರಿನ ವಾಸನೆಯಿಂದ ಗುರುತಿಸುವುದೆಂಬ ಊಹೆಯನ್ನು 1951ರಲ್ಲಿ ಅಮೆರಿಕದ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ ಎಂಬ ವಿಜ್ಞಾನಿಗಳು ಮುಂದಿಟ್ಟರು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿದವು.

ಈ ಕೊನೆಯ ಗುಣವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತನ್ನ ಹೊಳೆಗೇ ಮರಳುವ ಮೀನುಗಳಿಂದ ಒಂದೊಂದು ನದಿಯ ಸಂತತಿಯೂ ಹೆಚ್ಚು ಕಡಮೆ ಪ್ರತ್ಯೇಕವಾದ ಒಂದು ಕುಲವಾಗುತ್ತದೆ. ಒಂದು ನದಿಯ ಕುಲ ಅಳಿದರೆ, ನೆರೆಯ ನದಿಯ ಮೀನುಗಳು ಬಂದು ಆ ಸ್ಥಾನವನ್ನು ಬೇಗನೆ ತುಂಬುವುದಿಲ್ಲ. ಆದಕಾರಣ ಸಾಲ್ಮನ್ನಿನ ಲೆಕ್ಕವನ್ನು ಸಾಗರಕ್ಕೆ ಒಂದರಂತೆ ಇಟ್ಟರೆ ಸಾಲದು. ನದಿಗೆ ಒಂದರಂತೆ ಇಡಬೇಕು.

ಕುಗ್ಗುತ್ತಿರುವ ಸಂಖ್ಯೆ

1960ರ ದಶಕದಲ್ಲಿ ಗ್ರೀನ್‌ಲೆಂಡಿನ ತೀರದಲ್ಲಿ ಸಾಲ್ಮನ್ ಮೇಯುವ ನೆಲೆಗಳಲ್ಲಿಯೇ ಬಲೆ ಹಾಕುವ ಉದ್ಯಮ ಬೆಳೆಯಿತು. 1971ರಲ್ಲಿ ಅಲ್ಲಿ ಹಿಡಿದ ಮೀನಿನ ತೂಕ ಸುಮಾರು 2,700 ಟನ್ನುಗಳಿಗೆ ಏರಿತು. ಹತ್ತಾರು ದೇಶಗಳ ನದಿಗಳ ಮೀನುಗಳು ಒಂದೇ ಕಡೆ ಬಲೆಗೆ ಬೀಳುತ್ತಿದ್ದುದರಿಂದ ದೇಶಗಳ ನಡುವೆ ಮಾತುಕತೆ ನಡೆದು, 1982ರಲ್ಲಿ ಒಂದು ಒಪ್ಪಂದವಾಯಿತು. ಮರುವರ್ಷ ಅದು ಜಾರಿಗೆ ಬಂದಿತು. ಅದರಂತೆ ತೆರೆಗಡಲಿನಲ್ಲಿ ಸಾಲ್ಮನ್ ಹಿಡಿಯುವುದು ನಿಷಿದ್ಧವಾಯಿತು. ಒಪ್ಪಂದವನ್ನು ನಡೆಸುವ ಸಂಸ್ಥೆಯ ಕೇಂದ್ರ ಎಡಿನ್‌ಬರೋ ನಗರದಲ್ಲಿದೆ.

ಬಲೆಗಳು ಕಡಮೆಯಾದ ಮೇಲೆ ಮೀನು ಹೆಚ್ಚಬೇಕಾಗಿದ್ದಿತು. ಹಾಗಾಗಲಿಲ್ಲ. ಕಡಲಿಗೆ ಹೋದ ಸ್ಮೋಲ್ಟ್‌ಗಳಲ್ಲಿ ಮರಳಿ ಬರುವವುಗಳ ಪ್ರಮಾಣವೇ ಇಳಿಯತೊಡಗಿತು. 1970ರ ದಶಕಕ್ಕೆ ಹೋಲಿಸಿದರೆ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿನ ಸಾಲ್ಮನ್‌ಗಳ ಸಂಖ್ಯೆ ಇಂದು ಅರ್ಧಕ್ಕಿಂತ ಕೆಳಗಿದೆ. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ಈ ಮೀನಿನ ಸ್ಥಾನವನ್ನು ಅಪಾಯದ ಕಡೆಗೆ ಒಂದು ಮೆಟ್ಟಿಲು ಸರಿಸಿತು. ಗ್ರೇಟ್ ಬ್ರಿಟನ್ನಿನ ಸಾಲ್ಮನ್ ಸಂತತಿಯನ್ನು ಅಳಿವಿನಂಚಿನದೆಂದೇ ಎಣಿಸಲಾಯಿತು. ಅದೇ ವರ್ಷ ಸ್ಕಾಟ್ಲೆಂಡಿನ ನದಿಗಳಲ್ಲಿ ಗಾಳಕ್ಕೆ ಸಿಕ್ಕಿದ ಸಾಲ್ಮನ್‌ಗಳು ಸುಮಾರು 33,000. ಲೆಕ್ಕವಿಡಲು ಆರಂಭಿಸಿದ 1952ರಿಂದ ಅಲ್ಲಿಯವರೆಗೆ ಅಷ್ಟು ಕಡಮೆ ಎಂದೂ ಸಿಕ್ಕಿರಲಿಲ್ಲ.

ಕಾರಣವು ಒಂದಲ್ಲ. ಕಡಲು ಬೆಚ್ಚಗಾಗಿ ಅಲ್ಲಿನ ಆಹಾರದ ಸರಣಿ ವ್ಯತ್ಯಾಸಗೊಂಡಿದೆ. ನದಿಗಳಿಗೆ ಅಡ್ಡಲಾಗಿ ಕಟ್ಟೆಗಳಿವೆ. ದಡದ ಮರಗಳನ್ನು ಕಡಿದಲ್ಲಿ ನೀರು ಬಿಸಿಯಾಗುತ್ತದೆ. ಕಡಲಂಚಿನಲ್ಲಿ ಬಲೆಯ ದೊಡ್ಡ ಪಂಜರಗಳನ್ನು ಕಟ್ಟಿ ಸಾಲ್ಮನ್ ಸಾಕುವ ಕಡೆಗಳಲ್ಲಿ, ಮೀನುಹೇನುಗಳು ಹೆಚ್ಚಿ, ಹಾದುಹೋಗುವ ಕಾಡುಮರಿಗಳನ್ನು ಮುತ್ತುತ್ತವೆ. ಪಂಜರದಿಂದ ತಪ್ಪಿಸಿಕೊಂಡ ಸಾಕುಮೀನುಗಳು ಕಾಡುಕುಲದೊಡನೆ ಬೆರೆಯುತ್ತವೆ. ಈ ಪಟ್ಟಿಯಲ್ಲಿ ಗಾಳ ಹಿಡಿದವನ ಸ್ಥಾನ ಬಹಳ ಹಿಂದೆ. ಹಾಗಾದರೆ ಅವನನ್ನೇ ಮೊದಲು ತಡೆಯುವುದೇಕೆ?

ಒಂದು ನದಿಯ ಲೆಕ್ಕ

ಇದನ್ನು ತಿಳಿಯಲು ಒಂದು ಕಲ್ಪನೆಯ ನದಿಯನ್ನು ತೆಗೆದುಕೊಳ್ಳೋಣ. ಮರಿಗಳ ವಾಸಕ್ಕೆ ಯೋಗ್ಯವಾದ ಅದರ ತಳದ ವಿಸ್ತೀರ್ಣ 5 ಲಕ್ಷ ಚದರ ಮೀಟರು ಇರಲಿ. ನದಿಯು ತುಂಬಬೇಕಾದರೆ ಎಷ್ಟು ಮೊಟ್ಟೆಗಳು ಬೇಕು? ಕೆನಡಾದ ಪೂರ್ವ ಪ್ರಾಂತಗಳಲ್ಲಿ ಬಹುಕಾಲದಿಂದ ಬಳಸುತ್ತಿರುವ ಅಳತೆಯೆಂದರೆ ಚದರ ಮೀಟರಿಗೆ 2.4 ಮೊಟ್ಟೆ. ಆ ಮೇರೆಗೆ ನಮ್ಮ ನದಿಗೆ 12 ಲಕ್ಷ ಮೊಟ್ಟೆಗಳು ಬೇಕು. ಒಂದು ಹೆಣ್ಣು 5,000 ಮೊಟ್ಟೆಗಳನ್ನಿಡುವುದೆಂದು ಹಿಡಿದರೆ, 240 ಹೆಣ್ಣುಗಳು ಬೇಕು. ಇದು ನದಿಯ ಮೂಲಧನ. ಇದಕ್ಕಿಂತ ಹೆಚ್ಚಾಗಿ ಬಂದುದು ಬಡ್ಡಿ. ಬಡ್ಡಿಯನ್ನು ತಿಂದರೆ ಕೇಡಿಲ್ಲ, ಮೂಲಧನವನ್ನು ಮುಟ್ಟಬಾರದು.

12 ಲಕ್ಷ ಮೊಟ್ಟೆಗಳಲ್ಲಿ ನೂರಕ್ಕೆ ಒಂದರಂತೆ ಬದುಕಿದರೆ 12,000 ಸ್ಮೋಲ್ಟ್‌ಗಳು ಕಡಲಿಗಿಳಿಯುತ್ತವೆ. ಅವುಗಳಲ್ಲಿ ನೂರಕ್ಕೆ 10 ಮರಳಿದರೆ ನದಿಗೆ ಬರುವ ಮೀನುಗಳು 1,200. ಅರ್ಧದಷ್ಟು, ಅಂದರೆ 600, ಹೆಣ್ಣುಗಳು. ಬೇಕಾದುದು 240, ಉಳಿದುದು 360. ಇಂಥ ಕಾಲದಲ್ಲಿ ಗಾಳಗಾರರು ನೂರಾರು ಮೀನುಗಳನ್ನು ಮನೆಗೊಯ್ದರೂ ನದಿಗೆ ಕೊರತೆಯಿಲ್ಲ. ಹಿಂದಿನ ತಲೆಮಾರಿನವರು ಯಾವ ಅಳುಕೂ ಇಲ್ಲದೆ ಮೀನನ್ನು ಒಯ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಕಡಲು ಕೆಟ್ಟಿತೆನ್ನೋಣ. ನೂರಕ್ಕೆ 4 ಮಾತ್ರ ಮರಳಿದರೆ ಬರುವುದು 480 ಮೀನು, ಅದರಲ್ಲಿ ಹೆಣ್ಣು 240. ಬಡ್ಡಿ ಸೊನ್ನೆಯಾಯಿತು. ನೂರಕ್ಕೆ 3 ಮಾತ್ರ ಮರಳಿದರೆ ಹೆಣ್ಣು 180. ಒಂದು ಗಾಳವನ್ನೂ ಹಾಕದಿದ್ದರೂ ಮೂಲಧನವೇ ಕರಗುತ್ತದೆ. ಗಾಳಗಾರರಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲ. ಅವರ ಸಂಖ್ಯೆ ಹಿಂದಿನಷ್ಟೇ, ಅವರ ಕೌಶಲವೂ ಹಿಂದಿನಷ್ಟೇ. ಆದರೂ ಹಿಂದೆ ನಿರುಪದ್ರವಿಯಾಗಿದ್ದ ಅದೇ ಕೆಲಸ ಈಗ ಹಾನಿಕರವಾಗಿದೆ.

ಇನ್ನೊಂದು ಹೆಜ್ಜೆ ಮುಂದಿಡೋಣ. ಮರಳುವಿಕೆ ನೂರಕ್ಕೆ 3ರಲ್ಲಿಯೇ ನಿಂತಿರಲಿ. ಗಾಳವಿಲ್ಲದಿದ್ದರೆ ಹೆಣ್ಣುಗಳ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಮುಕ್ಕಾಲಾಗುತ್ತದೆ: 240, 180, 135, 101. ಬಂದ ಮೀನುಗಳಲ್ಲಿ ಐದನೆಯ ಒಂದು ಪಾಲನ್ನು ಗಾಳಗಾರರು ಕೊಂದರೆ, ಅದು 240, 144, 86, 52 ಎಂದು ಇಳಿಯುತ್ತದೆ. ಮೂರು ತಲೆಮಾರುಗಳಲ್ಲಿ, ಸುಮಾರು ಹದಿನೈದು ವರ್ಷಗಳಲ್ಲಿ, ಅರ್ಧಕ್ಕರ್ಧ ವ್ಯತ್ಯಾಸ! ಮೀನು ವಿರಳವಾದಾಗ ಮರಿಗಳಿಗೆ ಆಹಾರವೂ ಸ್ಥಳವೂ ಹೆಚ್ಚಾಗಿ ದೊರೆತು, ಬದುಕುವ ಪ್ರಮಾಣ ಸ್ವಲ್ಪ ಏರುವುದರಿಂದ, ನಿಜವಾದ ನದಿಯಲ್ಲಿ ಇಳಿತವು ಇಷ್ಟು ಕಡಿದಾಗಿರುವುದಿಲ್ಲ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಗಾಳಕ್ಕೆ ಸಿಕ್ಕುವ ಸಾಲ್ಮನ್ ಎಂಥದು ಎಂಬುದನ್ನೂ ಯೋಚಿಸಬೇಕು. ಹಕ್ಕಿ, ನೀರುನಾಯಿ, ದೊಡ್ಡ ಮೀನು, ಕಡಲು, ಕಟ್ಟೆ ಇವೆಲ್ಲವುಗಳಿಂದ ಪಾರಾಗಿ, ಸಾವಿರಾರು ಮೊಟ್ಟೆಗಳಲ್ಲಿ ಉಳಿದುಬಂದ ಒಂದೆರಡರಲ್ಲಿ ಅದು ಒಂದು. ಅದು ಮಾಡಬೇಕಾಗಿರುವುದು ಇನ್ನೊಂದೇ ಕೆಲಸ, ಮೊಟ್ಟೆಯಿಡುವುದು. ಕಡಲಿನಲ್ಲಿ ಸತ್ತ ಸ್ಮೋಲ್ಟ್ ಒಂದಕ್ಕೂ ಈ ಮೀನಿಗೂ ಲೆಕ್ಕದಲ್ಲಿ ಸಮಾನ ಬೆಲೆಯಿಲ್ಲ. ಕೊಯ್ಲಾಗಿ, ಒಕ್ಕಣೆಯಾಗಿ, ಮುಂದಿನ ಬಿತ್ತನೆಗೆಂದು ತೆಗೆದಿರಿಸಿದ ಬೀಜದ ಭತ್ತದಂತೆ ಅದು.

ಬಿಟ್ಟ ಮೀನು ಬದುಕುವುದೆ?

ಈ ಲೆಕ್ಕವನ್ನು ಆಧರಿಸಿಯೇ ಅನೇಕ ದೇಶಗಳು ನಿಯಮಗಳನ್ನು ಮಾಡಿವೆ. ಸ್ಕಾಟ್ಲೆಂಡಿನಲ್ಲಿ 2016ರಿಂದ, ಬೇಕಾದಷ್ಟು ಮೊಟ್ಟೆಗಳು ದೊರೆಯುವ ಸಂಭವವನ್ನು ಪ್ರತಿ ನದಿಗೂ ಲೆಕ್ಕಹಾಕಿ, ಮೂರು ದರ್ಜೆಗಳನ್ನಾಗಿ ವಿಂಗಡಿಸುತ್ತಾರೆ. ಸಂಭವವು ನೂರಕ್ಕೆ 60ಕ್ಕಿಂತ ಕಡಮೆಯಿರುವ ಮೂರನೆಯ ದರ್ಜೆಯ ನದಿಗಳಲ್ಲಿ ಹಿಡಿದ ಮೀನನ್ನೆಲ್ಲ ಬಿಡಲೇಬೇಕು. ಕಾನೂನಿನ ಜೊತೆಗೆ ಗಾಳಗಾರರ ಮನಸ್ಸೂ ಬದಲಾಗಿದೆ. 1994ರಲ್ಲಿ ಅಲ್ಲಿ ಹಿಡಿದ ಸಾಲ್ಮನ್‌ಗಳಲ್ಲಿ ಬಿಟ್ಟುದು ನೂರಕ್ಕೆ ಹತ್ತಕ್ಕಿಂತ ಕಡಮೆ. 2023ರಲ್ಲಿ ನೂರಕ್ಕೆ 96.

ಆದರೆ ಬಿಟ್ಟ ಮೀನೆಲ್ಲ ಬದುಕುವುದೆ? ಇಲ್ಲಿ ಭೌತಶಾಸ್ತ್ರದ ಎರಡು ಸಣ್ಣ ಪಾಠಗಳು ನೆರವಿಗೆ ಬರುತ್ತವೆ.

ಮೊದಲನೆಯದನ್ನು ವಾಚಕರು ಅಡಿಗೆಮನೆಯಲ್ಲಿಯೇ ನೋಡಬಹುದು. ಒಲೆಯ ಮೇಲಿಟ್ಟ ನೀರು ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಯ ಒಳಬದಿಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅವು ಉಗಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಗಾಳಿ ಕಡಮೆ. 10 ಡಿಗ್ರಿ ಸೆಂಟಿಗ್ರೇಡಿನ ಸಿಹಿನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 9.1 ಮಾತ್ರ. ಮೀನಿನ ದೇಹಕ್ಕೆ ತನ್ನದೇ ಆದ ಸ್ಥಿರ ಉಷ್ಣತೆಯಿಲ್ಲ. ನೀರು ಬಿಸಿಯಾದರೆ ಅದರ ದೇಹವೂ ಬಿಸಿಯಾಗಿ, ಆಮ್ಲಜನಕದ ಬೇಡಿಕೆ ಏರುತ್ತದೆ. ಹತ್ತು ಡಿಗ್ರಿಗೆ ಹೆಚ್ಚು ಕಡಮೆ ಎರಡರಷ್ಟಾಗುತ್ತದೆ. ಹೀಗೆ ಬೇಕಾದುದು ಹೆಚ್ಚಿ, ಇರುವುದು ಕುಗ್ಗಿದ ಹೊತ್ತಿನಲ್ಲಿಯೇ ಗಾಳದೊಡನೆ ಹೋರಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡರೆ, ಬಿಟ್ಟರೂ ಅದು ಚೇತರಿಸಿಕೊಳ್ಳುವುದು ಕಷ್ಟ. ಆದುದರಿಂದಲೇ ಕೆನಡಾದ ಮಿರಮಿಷಿ ನದಿಯಲ್ಲಿ, ಬೇಸಗೆಯ ರಾತ್ರಿಗಳಲ್ಲಿಯೂ ನೀರು 20 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ಸಾಲ್ಮನ್‌ಗಳು ಆಶ್ರಯ ಪಡೆಯುವ ತಂಪು ಮಡುವುಗಳಲ್ಲಿ ಗಾಳ ಹಾಕುವುದನ್ನು ನಿಲ್ಲಿಸುತ್ತಾರೆ.

ಎರಡನೆಯ ಪಾಠ ಮೇಲ್ಮೈ ಎಳೆತದ್ದು. ಬಣ್ಣದ ಕುಂಚವನ್ನು ನೀರಿನಲ್ಲಿ ಮುಳುಗಿಸಿದರೆ ಕೂದಲುಗಳು ಬಿಡಿಬಿಡಿಯಾಗಿ ಹರಡುತ್ತವೆ. ಹೊರತೆಗೆದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೀನಿನ ಕಿವಿರಿನ ಎಳೆಗಳ ಗತಿಯೂ ಇದೇ. ಸುತ್ತಲೂ ಗಾಳಿಯಿದ್ದರೂ, ಎಳೆಗಳು ಮುದ್ದೆಯಾಗುವುದರಿಂದ ಮೀನಿಗೆ ಆಮ್ಲಜನಕ ದೊರೆಯದು. 1992ರಲ್ಲಿ ಕೆನಡಾದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಾಲ್ಮನ್ನಿನ ಬಂಧುವಾದ ಕಾಮನಬಿಲ್ಲಿನ ಟ್ರೌಟ್ ಮೀನುಗಳನ್ನು ಈಜಾಡಿಸಿ ಪೂರ್ಣವಾಗಿ ದಣಿಸಲಾಯಿತು. ನೀರಿನಲ್ಲಿಯೇ ಇರಿಸಿದವುಗಳಲ್ಲಿ ನೂರಕ್ಕೆ 12 ಸತ್ತವು. ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದವುಗಳಲ್ಲಿ 38. ಒಂದು ನಿಮಿಷ ಹಿಡಿದವುಗಳಲ್ಲಿ 72! ಗೆದ್ದ ಮೀನನ್ನು ಎತ್ತಿ ಹಿಡಿದು ಭಾವಚಿತ್ರ ತೆಗೆಸಿಕೊಳ್ಳುವ ಸಂಭ್ರಮಕ್ಕೆ ಎಷ್ಟು ಬೆಲೆಯೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಹಾಗಾದರೆ ಬಿಡುವುದರಿಂದ ಪ್ರಯೋಜನವಿಲ್ಲವೆ? ಉಂಟು, ಕ್ರಮವರಿತು ಬಿಟ್ಟರೆ. ಕೊಕ್ಕೆಯಲ್ಲಿ ಹಿಮ್ಮುಳ್ಳು ಇರಬಾರದು; ಎಳೆದಾಟ ದೀರ್ಘವಾಗಬಾರದು; ಮೀನು ನೀರಿನಲ್ಲಿಯೇ ಇರಬೇಕು; ನೀರು ತಂಪಾಗಿರಬೇಕು. ಹೀಗೆ ಬಿಟ್ಟ ನೂರು ಮೀನುಗಳಲ್ಲಿ ಐದು ಸತ್ತವೆಂದು ಹಿಡಿದು ನಮ್ಮ ಕಲ್ಪನೆಯ ನದಿಗೆ ಮರಳೋಣ. ಐದನೆಯ ಒಂದು ಪಾಲು ಗಾಳಕ್ಕೆ ಸಿಕ್ಕಿದರೂ ಸಾಯುವುದು ನೂರಕ್ಕೆ ಒಂದು ಮಾತ್ರ. ಮೂರು ತಲೆಮಾರುಗಳ ಕೊನೆಗೆ 98 ಹೆಣ್ಣುಗಳು ಉಳಿಯುತ್ತವೆ. ಗಾಳವೇ ಇಲ್ಲದಾಗ ಉಳಿಯುತ್ತಿದ್ದುದು 101.

ನಿರ್ಬಂಧದ ನ್ಯಾಯ

ವಿದ್ಯಾರ್ಥಿಯ ಪ್ರಶ್ನೆಗಳಿಗೆ ಈಗ ಬರಬಹುದು. ಗಾಳಗಾರನನ್ನೇ ಮೊದಲು ತಡೆಯುವುದೇಕೆಂದರೆ, ಅಪರಾಧಿ ಅವನೆಂದಲ್ಲ. ತಡೆಯು ಒಡನೆಯೇ ಫಲಿಸುವುದು ಅಲ್ಲಿ ಎಂದು. ಕಡಲನ್ನು ತಂಪುಮಾಡಲು ತಲೆಮಾರುಗಳು ಬೇಕು. ಕಟ್ಟೆಯನ್ನು ಕೆಡಹಲು ವರ್ಷಗಳು ಬೇಕು. ಗಾಳವನ್ನು ಒಂದು ಆಜ್ಞೆಯಿಂದ ನಾಳೆಯೇ ನಿಲ್ಲಿಸಬಹುದು. 2024ರಲ್ಲಿ ನಾರ್ವೆಯಲ್ಲಿ ಹೀಗೆಯೇ ಆಯಿತು. ಆ ಬೇಸಗೆಯಲ್ಲಿ ಮರಳಿದ ಮೀನುಗಳು ತೀರ ಕಡಮೆಯೆಂದು ಕಂಡೊಡನೆ, ಜೂನ್ ತಿಂಗಳ ಕೊನೆಯಲ್ಲಿ, ಋತುವಿನ ಮಧ್ಯದಲ್ಲಿಯೇ, 33 ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನು ಸರಕಾರವು ನಿಲ್ಲಿಸಿತು.

ಆದರೆ ಒಡನೆಯೇ ಫಲಿಸುವ ಉಪಾಯವೆಲ್ಲ ನೋವಿಲ್ಲದ್ದಲ್ಲ. ನಾರ್ವೆ ಮತ್ತು ಫಿನ್ಲೆಂಡುಗಳ ಗಡಿಯಲ್ಲಿ ಹರಿಯುವ ಟಾನಾ ನದಿಯನ್ನು 2021ರಲ್ಲಿ ಸಾಲ್ಮನ್ ಹಿಡಿಯುವವರಿಗೆಲ್ಲ ಮುಚ್ಚಲಾಯಿತು. ದೂರದಿಂದ ಬರುವ ವಿನೋದಿಗೆ ಅದರಿಂದ ತಪ್ಪಿದುದು ಒಂದು ರಜೆಯ ಸಂತೋಷ. ಅದೇ ದಡದಲ್ಲಿ ಶತಮಾನಗಳಿಂದ ಸಾಲ್ಮನ್ ಹಿಡಿದು ಬಾಳಿದ ಸಾಮಿ ಜನರಿಗೆ ತಪ್ಪಿದುದು ಊಟ. ಮಕ್ಕಳಿಗೆ ಹೇಳಿಕೊಡಬೇಕಾದ ವಿದ್ಯೆಯೂ ತಪ್ಪಿತು. ಇಬ್ಬರಿಗೂ ಒಂದೇ ನಿಯಮವಾದರೂ ಇಬ್ಬರ ನಷ್ಟ ಒಂದೇ ಅಲ್ಲ. ಎಷ್ಟು ಮೊಟ್ಟೆಗಳು ಬೇಕೆಂಬುದನ್ನು ವಿಜ್ಞಾನವು ಹೇಳಬಲ್ಲುದು. ಯಾರ ಪಾಲನ್ನು ಎಷ್ಟು ಕಡಿಯಬೇಕೆಂಬುದನ್ನು ಸಮಾಜವೇ ನಿರ್ಣಯಿಸಬೇಕು.

ನಿರ್ಬಂಧವು ಔಷಧವಲ್ಲ, ಪಥ್ಯ. ನಮ್ಮ ಲೆಕ್ಕದಲ್ಲಿ ಗಾಳವನ್ನು ನಿಲ್ಲಿಸಿದಾಗಲೂ ಸಂಖ್ಯೆ 240ರಿಂದ 101ಕ್ಕೆ ಇಳಿಯಿತೆಂಬುದನ್ನು ಮರೆಯಬಾರದು. ಆದರೆ ಮುಂದೊಂದು ದಿನ ಕಡಲು ಸುಧಾರಿಸಿ ನೂರಕ್ಕೆ 8 ಮರಳಿದರೆ, 101 ಹೆಣ್ಣುಗಳಿರುವ ನದಿ ಎರಡು ತಲೆಮಾರುಗಳಲ್ಲಿ ಮೂಲಧನವನ್ನು ಮುಟ್ಟಿ ಮೀರುತ್ತದೆ. 52 ಇರುವ ನದಿಗೆ ಮೂರು ಬೇಕು. ಅಷ್ಟರೊಳಗೆ ಒಂದು ಬರಗಾಲವೋ ಒಂದು ರೋಗವೋ ಬಂದರೆ ಆ ನದಿಯ ಕುಲವೇ ಅಳಿಯಬಹುದು. ಪಥ್ಯದಿಂದ ರೋಗಿಗೆ ಕಾಲ ದೊರೆಯುತ್ತದೆ. ಆ ಕಾಲದಲ್ಲಿ ಔಷಧ ಕೊಡದೆ ಕುಳಿತರೆ ಪಥ್ಯವು ಬರಿಯ ಉಪವಾಸವಾಗುತ್ತದೆ.

ಕಾವೇರಿಯ ಒಂದು ಪಾಠ

ಇನ್ನು ಉಳಿದುದು ಮೊದಲನೆಯ ಪ್ರಶ್ನೆ: ಬಿಡುವುದಾದರೆ ಹಿಡಿಯುವುದೇಕೆ? ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತರವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕದಿಂದ ನಮ್ಮ ಮಹಶೀರ್ ಮೀನಿನ ಹೆಸರು ಗಾಳಗಾರರಲ್ಲಿ ಹರಡಿತು. 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ, ತೂಗಿದ ಮಹಶೀರ್ ಗಾಳಕ್ಕೆ ಸಿಕ್ಕಿದ್ದಿತು. ಮುಂದೆ ಕಾವೇರಿಯ ದಡದ ಶಿಬಿರಗಳಲ್ಲಿ ಹಿಡಿದು ಬಿಡುವ ಪದ್ಧತಿ ಬಂದಿತು. ಹಿಡಿದ ಪ್ರತಿಯೊಂದು ಮೀನಿನ ವಿವರವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಅಂಥ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಒಂದು ಕಟುಸತ್ಯ ಹೊರಬಿದ್ದಿತು. ಹಿಡಿದ ಮಹಶೀರ್‌ಗಳ ಸಂಖ್ಯೆ ಹೆಚ್ಚುತ್ತಿದ್ದರೂ, ಕಾವೇರಿಗೇ ವಿಶಿಷ್ಟವಾದ ದೊಡ್ಡ ಡುಬ್ಬದ ಮಹಶೀರ್ ಕಾಣೆಯಾಗುತ್ತಿದ್ದಿತು. ಹೆಚ್ಚುತ್ತಿದ್ದುದು ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ. ಡುಬ್ಬದ ಮಹಶೀರ್ ಇದೀಗ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ಗಾಳಗಾರರು ಬರೆದಿಡದಿದ್ದರೆ, ಆ ಮೀನು ಮರೆಯಾಗುತ್ತಿದ್ದುದೂ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಬರೆದಿಟ್ಟುದನ್ನು ಸಕಾಲದಲ್ಲಿ ಯಾರೂ ಕೂಡಿಸಿ ನೋಡದಿದ್ದುದರಿಂದ ತಿಳಿದದ್ದು ತಡವಾಗಿ. ಸ್ಕಾಟ್ಲೆಂಡಿನ 1952ರಿಂದೀಚಿನ ಲೆಕ್ಕವೂ ಗಾಳಗಾರರಿಂದಲೇ ಬಂದುದು. ನದಿಯ ಪಕ್ಕದಲ್ಲಿ ದಿನವಿಡೀ ನಿಲ್ಲುವವನು, ಅವನು ಬರೆದುದನ್ನು ಓದುವವರಿದ್ದರೆ, ನದಿಗೆ ಕಾವಲುಗಾರನೂ ಆಗಬಲ್ಲನು. ಹಿಡಿದ ಮೀನನ್ನು ಬಿಡುವ ಕೈ, ಅದನ್ನು ಎಣಿಸಿ ಬರೆದಿಡುವ ಕೈಯೂ ಆಗಿದ್ದರೆ, ನಮ್ಮ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಅದೇ ಉತ್ತರ. ಎಣಿಕೆಯು ಬೇಡವೆಂದು ಹೇಳಿದ ವರ್ಷ ಗಾಳವನ್ನು ಮಡಿಸಿಟ್ಟು ಮನೆಯಲ್ಲಿರುವುದೂ ಅದೇ ಉತ್ತರದ ಇನ್ನರ್ಧ.